ದೀಪದ ಮುಂದೆ ಅವ್ವ ಕಣ್ಣು ತೆರೆದದ್ದು

ಅಕ್ಕನ ಮಗಳ ಮದುವೆ ಊಟದಲ್ಲಿ ಅವ್ವ ತನ್ನ ಕೈಯಿಂದಲೇ ಉಂಡಳು ಎಂದು ಬಹಳ ವರ್ಷ ಹೇಳಿಕೊಂಡು ಬಂದೆ. ಅದು ನಡೆದದ್ದೋ, ನಡೆದಿದ್ದರೆ ಚೆನ್ನಾಗಿತ್ತೆಂದು ನಾನೇ ಕೂಡಿಸಿಕೊಂಡದ್ದೋ ಖಚಿತವಿರಲಿಲ್ಲ. ಗುಂಡ್ಲುಪೇಟೆಯಲ್ಲಿರುವ ಅಕ್ಕ ಬೇರೆಯೇ ಹೇಳುತ್ತಿದ್ದಳು. ‘ನಾನೇ ಕಲಸಿ ಬಾಯ್ಗಿಟ್ಟಿದ್ದು ಕಣ್ಲಾ. ನೀನು ಬೀಗ್ರ ಜೊತೆ ಮಾತಾಡ್ಕಂಡು ನಿಂತಿದ್ದೆ, ನೀನೆಲ್ ನೋಡ್ದೆ?’ ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದವನು. ಕಣ್ಣಾರೆ ಕಂಡೆ ಎನ್ನುವವರನ್ನು ಅನುಮಾನಿಸುವುದು ನನಗೆ ಅಭ್ಯಾಸ. ಅವರಲ್ಲಿ ನಾನೂ ಒಬ್ಬ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಅವ್ವ ಚಾಮರಾಜನಗರದಲ್ಲಿ ನಮ್ಮ ಜೊತೆ ಇದ್ದಳು. ಅವಳಿಗೆ ಪಾರ್ಕಿನ್ಸನ್ ಕಾಯಿಲೆ. ಬಲಗೈ ನಡುಗುತ್ತಿತ್ತು, ಹೆಜ್ಜೆ ಚಿಕ್ಕದಾಗಿತ್ತು, ರಾತ್ರಿ ನಿದ್ದೆಯಿಲ್ಲದೆ ಹಗಲು ತೂಕಡಿಸುತ್ತಿದ್ದಳು. ಇವೆಲ್ಲಕ್ಕಿಂತ ಅವಳನ್ನು ಕಾಡಿದ್ದು ಊಟ. ಯಾರಾದರೂ ನೆಂಟರು ಬಂದರೆ ತಟ್ಟೆಯನ್ನು ಅಡುಗೆಮನೆಗೆ ಕೊಂಡೊಯ್ದು ಗೋಡೆಯ ಕಡೆ ತಿರುಗಿ ಉಣ್ಣುತ್ತಿದ್ದಳು. ಮೊಮ್ಮಗಳ ಮದುವೆ ಗೊತ್ತಾದಾಗ, ಧಾರೆಗೆ ಬರುತ್ತೇನೆ, ಪಂಕ್ತಿಯಲ್ಲಿ ಮಾತ್ರ ಕೂರುವುದಿಲ್ಲ ಎಂದಳು.

‘ಬೀಗ್ರ ಮುಂದೆ ಎಲೆ ತುಂಬ ಚೆಲ್ಲಾಡ್ಕಂಡು ಉಣ್ಣಾದಾ? ಒಲ್ಲೆ ಕಣಪ್ಪ.’

ಅವ್ವನನ್ನು ನೋಡುತ್ತಿದ್ದ ಮೈಸೂರಿನ ಡಾಕ್ಟರಮ್ಮ ಆಗ ಒಂದು ಸಣ್ಣ ಸಂಶೋಧನೆ ಶುರುಮಾಡಿದ್ದರು. ದಿನಾ ಬೆಳಿಗ್ಗೆ ಪ್ರಖರವಾದ ಬಿಳಿ ಬೆಳಕಿನೆದುರು ಕೂರಿಸಿದರೆ ಈ ರೋಗಿಗಳ ನಿದ್ದೆ ಸರಿಹೋಗುತ್ತದೆಯೇ, ಅದರ ಜೊತೆಗೆ ಕೈಕಾಲೂ ಸ್ವಲ್ಪ ಹಗುರವಾಗುತ್ತವೆಯೇ ಎಂದು ನೋಡುವುದು. ಮಾತ್ರೆಗಳು ಎಂದಿನಂತೆಯೇ ಇರಬೇಕು. ದೀಪವನ್ನು ದಿಟ್ಟಿಸಬೇಕಿಲ್ಲ, ಆದರೆ ಕಣ್ಣು ತೆರೆದಿರಬೇಕು. ಬೆಳಕು ಒಳಗೆ ಹೋಗಬೇಕಾದದ್ದು ಕಣ್ಣಿನಿಂದಲೇ. ಇದರಿಂದ ಗುಣವಾಗುತ್ತದೆಯೇ ಎಂದು ನಾನು ಕೇಳಿದ್ದಕ್ಕೆ, ‘ಗೊತ್ತಿಲ್ಲ ಸರ್, ಅದಕ್ಕೇ ನೋಡ್ತಿರೋದು’ ಎಂದರು. ಗೊತ್ತಿದೆ ಎಂದಿದ್ದರೆ ನಾನು ಒಪ್ಪುತ್ತಿರಲಿಲ್ಲ.

ದೀಪವೆಂದರೆ ಟ್ಯೂಬ್‌ಲೈಟುಗಳನ್ನು ಜೋಡಿಸಿ ಮುಂದೆ ಹಾಲುಬಣ್ಣದ ಹಾಳೆ ಕೂರಿಸಿದ ಪೆಟ್ಟಿಗೆ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಹೆಂಡತಿ ದಿನಾ ಬೆಳಿಗ್ಗೆ ಅದನ್ನು ಹಚ್ಚಿ ಅವ್ವನನ್ನು ಎದುರಿಗೆ ಕೂರಿಸುತ್ತಿದ್ದಳು. ನಾನು ಕಾಲೇಜಿಗೆ ಹೋಗುವ ಅವಸರದಲ್ಲಿರುತ್ತಿದ್ದೆ. ವಾರಗಳು ಕಳೆದರೂ ಏನೂ ಬದಲಾಗಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಡಾಕ್ಟರಮ್ಮ ತಾವೇ ಮನೆಗೆ ಬಂದರು. ಅವ್ವ ಸ್ನಾನ ಮಾಡಿ, ಕುಂಕುಮವಿಟ್ಟು, ಪೆಟ್ಟಿಗೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಕೈ ಮುಗಿದಿತ್ತು. ಕಣ್ಣು ಬಿಗಿಯಾಗಿ ಮುಚ್ಚಿತ್ತು.

‘ಅಮ್ಮ, ಕಣ್ಣು ಬಿಡಬೇಕಲ್ಲ?’

‘ದೀಪ ಅಚ್ಚಿದ್ ಮೇಲೆ ಕೈ ಮುಗೀಬ್ಯಾಡ್ವಾ ಮಗ?’

‘ಮುಗಿದ ಮೇಲೆ ಬಿಡಿ.’

‘ಉರೀತಾನೇ ಅದಲ್ಲ. ಕಣ್ ಬುಟ್ಕಂಡು ಕೂರಕ್ಕೆ ಅದೇನ್ ಸಿನಿಮಾನಾ?’

ಹೆಂಡತಿ ನಗು ತಡೆಯಲಾರದೆ ಒಳಗೆ ಹೋದಳು. ನನಗೆ ಅವ್ವನ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ಸಂಜೆ ಬಲ್ಬಿನ ಸ್ವಿಚ್ ಹಾಕಿದಾಗ ನಮ್ಮ ಮನೆಯಲ್ಲಿ ಎಲ್ಲರೂ ಕೈ ಮುಗಿಯುತ್ತೇವೆ, ಹೋದ ಕರೆಂಟು ಬಂದರೂ ಮುಗಿಯುತ್ತೇವೆ. ಬೆಳಕಿನ ಕಣಗಳ ಬಗ್ಗೆ ಪಾಠ ಮಾಡಿ ಬಂದ ಸಂಜೆ ನಾನೂ ಮುಗಿದಿದ್ದೇನೆ.

ಡಾಕ್ಟರಮ್ಮ ವಾದ ಮಾಡಲಿಲ್ಲ. ಅವ್ವನ ಪಕ್ಕದಲ್ಲೇ ಚಾಪೆಯ ಮೇಲೆ ಕೂತು, ಇವತ್ತು ಏನು ಅಡುಗೆ ಎಂದು ಕೇಳಿದರು. ಹಿದುಕಿದವರೆ ಸಾರು. ನೆನೆಸಿದ ಅವರೆಕಾಳಿನ ಬೇಸನ್ನು ತರಿಸಿ ಅವ್ವನ ಮುಂದಿಟ್ಟರು.

‘ಹಿದುಕಿ ಅಮ್ಮ. ಕೈ ಖಾಲಿ ಇದ್ದರೆ ತಾನೇ ಮುಗಿಯೋದು?’

ಅವ್ವ ಒಂದು ಕಣ್ಣು ತೆರೆದು ಬೇಸನ್ ನೋಡಿದಳು. ಆಮೇಲೆ ಎರಡನ್ನೂ ತೆರೆದಳು. ನಡುಗುವ ಬೆರಳಿನಿಂದ ಹಿದುಕಿದ ಕಾಳು ಸಿಪ್ಪೆಯಿಂದ ಜಾರಿ ಬಾಗಿಲವರೆಗೆ ಹಾರಿತು. ‘ನಂಗ್ ನಡಿಯಾಕಾಗ್ದಿದ್ರೂ ಕಾಳು ಮನೆಯೆಲ್ಲ ತಿರುಗ್ತಾವೆ ನೋಡವ್ವ’ ಎಂದಳು.

ಅಂದಿನಿಂದ ದೀಪದ ಮುಂದೆ ಅವಳ ಕೈಗೊಂದು ಕೆಲಸ ಸಿಕ್ಕಿತು. ಅವರೆ ಮುಗಿದ ಮೇಲೆ ಸೊಪ್ಪು ಬಿಡಿಸುವುದು, ಅಕ್ಕಿ ಆರಿಸುವುದು. ಪಕ್ಕದ ಮನೆಯ ಹೆಂಗಸೂ ತನ್ನ ಮೊರ ತಂದು ಜೊತೆಗೆ ಕೂರತೊಡಗಿದಳು. ‘ಬಿಸ್ಲು ಕಾಯಿಸ್ಕಳಾಕ್ ಬಂದೆ’ ಎನ್ನುತ್ತಿದ್ದಳು. ಅವ್ವ ರಾತ್ರಿ ಮೊದಲಿನಷ್ಟು ಏಳುತ್ತಿಲ್ಲ ಎಂದು ಹೆಂಡತಿ ಹೇಳಿದಳು. ನೆಲದ ಮೇಲೆ ಬೀಳುವ ಕಾಳು ಕಡಿಮೆಯಾದಂತೆ ನನಗೆ ಕಂಡಿತು. ಕಂಡಿತು ಎಂದಷ್ಟೇ ಹೇಳಬಲ್ಲೆ. ಈ ಕಾಯಿಲೆಯಲ್ಲಿ ಸುಮ್ಮನಿಟ್ಟ ಕೈ ಹೆಚ್ಚು ನಡುಗುತ್ತದೆ, ಕೆಲಸದಲ್ಲಿರುವ ಕೈ ಕಡಿಮೆ ನಡುಗುತ್ತದೆ. ಅದು ಬೆಳಕಿನ ಗುಣವೋ, ಅವರೆಯದೋ, ಪಕ್ಕದ ಮನೆಯವಳ ಹರಟೆಯದೋ ಬಿಡಿಸಿ ಹೇಳುವುದು ಸಾಧ್ಯವಿರಲಿಲ್ಲ. ಸಂಶೋಧನೆ ಮುಗಿದ ಮೇಲೆ ಡಾಕ್ಟರಮ್ಮನೂ ಹಾಗೆಯೇ ಅಂದರು. ನಿದ್ದೆಗೆ ಸ್ವಲ್ಪ ಅನುಕೂಲವಾದಂತಿದೆ, ಚಲನೆಯ ಬಗ್ಗೆ ಇಷ್ಟು ಕಡಿಮೆ ಜನರನ್ನು ನೋಡಿ ಏನೂ ಹೇಳಲಾಗದು ಎಂದು. ಅವರ ಮೇಲಿನ ನನ್ನ ಗೌರವ ಆ ಮಾತಿನಿಂದ ಇನ್ನಷ್ಟು ಹೆಚ್ಚಿತು. ಅವ್ವನನ್ನು ಗೋಡೆಯಿಂದ ಈ ಕಡೆ ತಿರುಗಿಸಿದ್ದು ಅವರೇ.

ಮದುವೆಯ ದಿನ ಗುಂಡ್ಲುಪೇಟೆಯ ಛತ್ರದಲ್ಲಿ ಊಟಕ್ಕೆ ಕರೆದಾಗ ಅವ್ವ ತಾನಾಗಿ ಎದ್ದು, ‘ನಂಗೂ ಒಂದ್ ಎಲೆ ಆಕುಸ್ಲಾ’ ಎಂದಳು. ಇದನ್ನು ಅಕ್ಕನೂ ಒಪ್ಪುತ್ತಾಳೆ. ಅಲ್ಲಿಂದ ಮುಂದಕ್ಕೆ ನಮ್ಮಿಬ್ಬರ ನೆನಪು ಬೇರೆ ಬೇರೆ.

ಅವ್ವ ಹೋಗಿ ಕೆಲವು ವರ್ಷಗಳ ಮೇಲೆ ಅಕ್ಕನ ಮನೆಯಲ್ಲಿ ಆ ಮದುವೆಯ ಸಿಡಿ ಹಾಕಿಸಿದೆ. ವೀಡಿಯೋದವನು ದೊಡ್ಡ ಲೈಟು ಹಿಡಿಸಿಕೊಂಡು ಪಂಕ್ತಿಯುದ್ದಕ್ಕೂ ಬರುತ್ತಾನೆ. ಲೈಟು ಬಿದ್ದವರೆಲ್ಲ ಕೈ ನಿಲ್ಲಿಸಿ ನಾಚುತ್ತಾರೆ, ಒಬ್ಬರು ಮುಖವನ್ನೇ ತಿರುಗಿಸುತ್ತಾರೆ. ಬೆಳಕು ಅವ್ವನ ಮೇಲೆ ಬಂತು. ಅವಳು ಕೈ ಮುಗಿಯಲಿಲ್ಲ, ಕಣ್ಣು ಮುಚ್ಚಲಿಲ್ಲ. ಎಲೆಯನ್ನೇ ನೋಡುತ್ತ ಅನ್ನಕ್ಕೆ ಸಾರು ಕಲಸಿದಳು. ಪಕ್ಕದಲ್ಲಿ ಅಕ್ಕ ನೀರಿನ ಲೋಟ ಹಿಡಿದು ಕೂತಿದ್ದಳು.

‘ಆಮೇಲ್ ನಾನು ತಿನ್ಸಿರ್ಬೇಕು ಬುಡು’ ಎಂದಳು ಅಕ್ಕ, ಕಣ್ಣೊರೆಸಿಕೊಳ್ಳುತ್ತ.

ಇರಬಹುದು. ಕೈ ಎಷ್ಟು ನಡುಗುತ್ತಿತ್ತೆಂದೂ ತಿಳಿಯಲಿಲ್ಲ, ಚಿತ್ರವೇ ಅಲುಗಾಡುತ್ತಿತ್ತು. ಸಿಡಿಯನ್ನು ಹಿಂದಕ್ಕೆ ಓಡಿಸಿ ಮತ್ತೊಮ್ಮೆ ನೋಡಿದೆ. ಮೊದಲ ತುತ್ತು ಎಲೆಯಿಂದ ಬಾಯಿಗೆ ಹೋದದ್ದು ಅವ್ವನ ಬಲಗೈಯಲ್ಲೇ.