ಆರ್ವಿಡ್ ತಾತನ ‘ಬೇಡ’
ನೆಬ್ರಾಸ್ಕಾದ ನಮ್ಮೂರ ಆರ್ವಿಡ್ ತಾತ ಚುನಾವಣೆಗೆ ಹೋಗುವುದೇ ‘ಬೇಡ’ ಎನ್ನುವ ಸುಖಕ್ಕೆ. ಗವರ್ನರ್ ಯಾರಾದರೂ ಆಗಲಿ, ಮತಪತ್ರದ ಹಿಂಬದಿಯಲ್ಲಿ ಜನರ ಒಪ್ಪಿಗೆ ಕೇಳುವ ಪ್ರಶ್ನೆಗಳಿಗೆಲ್ಲ ಓದದೆಯೇ ‘ಬೇಡ’. ರಸ್ತೆಗೆ ದುಡ್ಡು ಬೇಡ, ಶಾಲೆಯ ಸೂರಿಗೂ ಬೇಡ. ಆಮೇಲೆ ತನ್ನ ಗಾಡಿ ಗುಂಡಿಗಿಳಿದರೆ ಸರ್ಕಾರದ ಜನ್ಮ ಜಾಲಾಡುತ್ತಾನೆ. ಈ ಸಲದ ಒಂದು ಪ್ರಶ್ನೆ ಮಾತ್ರ ತಿರುಗಾಮುರುಗಾ: ‘ಊರಿನ ಆಂಬುಲೆನ್ಸ್ ನಡೆಸಲು ಹಾಕಿರುವ ತೆರಿಗೆಯನ್ನು ರದ್ದು ಮಾಡಬೇಕೆ?’ ಅದಕ್ಕೂ ‘ಬೇಡ’ ಎಂದು ಗುರುತು ಹಾಕಿ, ಎದೆಗೆ ‘ನಾನು ಮತ ಹಾಕಿದೆ’ ಸ್ಟಿಕ್ಕರ್ ಅಂಟಿಸಿಕೊಂಡು ಹೋಟೆಲಿಗೆ ಬಂದವನನ್ನು ಕಾಫಿ ಕೊಡುವ ಲೊರೀನ್ ಛೇಡಿಸಿದಳು: “ಅಯ್ಯೋ ತಾತ, ಬೇಡ ಅಂದ್ರೆ ತೆರಿಗೆ ಉಳ್ಕೊಳ್ಳತ್ತೆ! ಓದ್ದೆ ಹಾಕಿ ಬೇಸ್ತು ಬಿದ್ರಲ್ಲ!” “ಇದೊಂದನ್ನ ಓದ್ಬಿಟ್ಟೇ ಹಾಕಿದ್ದು ಕಣಮ್ಮ. ಬಾಯ್ಮುಚ್ಕೊಂಡು ಎರಡು ಕಾಫಿ ಕಟ್ಕೊಡು,” ಎಂದು ಗುರುಗುಟ್ಟಿದ. ಹೋದ ಚಳಿಗಾಲ ಎದೆ ಹಿಡಿದುಕೊಂಡು ಬಿದ್ದು, ಆ ಆಂಬುಲೆನ್ಸಿನಿಂದಲೇ ಬದುಕಿದ ಅವನ ಹೆಂಡತಿ ಥೆಲ್ಮಾ, ಹೊರಗೆ ಗಾಡಿಯಲ್ಲಿ ಕೂತು, ಬೇಗ ಬಾ ಎಂದು ಹಾರ್ನ್ ಬಾರಿಸುತ್ತಿದ್ದಳು.