ಗೆದ್ದವನ ಲೆಕ್ಕಕ್ಕೆ ನಾನು ಹೇಳಿದ ಸಾಕ್ಷಿ

ಅಕ್ಕಾ, ಆ ಪುಟವನ್ನು ನಾನು ಓದಿರಲಿಲ್ಲ. ಓದಿದೆ ಎಂದದ್ದು ಸುಳ್ಳು. ಅದೊಂದೇ ಅಲ್ಲ—ನಿನ್ನ ಇಂಗ್ಲಿಷ್ ಪುಸ್ತಕಗಳ ಯಾವ ಪುಟವನ್ನೂ ನಾನು ಅರ್ಥ ತಿಳಿದು ಓದಿಲ್ಲ. ನನಗೆ ಇಂಗ್ಲಿಷ್ ಬರುವುದಿಲ್ಲ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಅಜ್ಜಂಪುರದಲ್ಲಿ ಮೋಟಾರ್ ವೈಂಡಿಂಗ್ ಕಲಿತವನು ನಾನು. ಬೋರ್‌ವೆಲ್ ಮೋಟಾರಿನ ಮೇಲಿನ ಅಕ್ಷರ, ಅಂಕಿ ಗೊತ್ತು. ಅಷ್ಟನ್ನೇ ದೊಡ್ಡ ಇಂಗ್ಲಿಷ್ ಮಾಡಿ ಗಿರಾಕಿಗಳ ಮುಂದೆ ಮೆರೆದೆ, ನಿನ್ನ ಮುಂದೆಯೂ ಮೆರೆದೆ. ನೀನೋ ಕಡೂರಿನಲ್ಲಿ ಇಡೀ ಜನ್ಮ ಇತಿಹಾಸ ಪಾಠ ಮಾಡಿದವಳು. ಕಣ್ಣು ಹೋದ ಮೇಲೂ ಸುಮ್ಮನೆ ಕೂರಲಿಲ್ಲ. ಅಂತರ್ಜಾಲದ ವಿಶ್ವಕೋಶದಲ್ಲಿ ಯಾರು ಯಾರೋ ಕನ್ನಡದಲ್ಲಿ ಬರೆದ ರೋಮನ್ ಯುದ್ಧಗಳ ಲೇಖನಗಳು ನಂಬುವಂತಿವೆಯೇ ಎಂದು ನೋಡುವ ಕೆಲಸ ಹಿಡಿದೆ. ಲೇಖನವನ್ನು ಫೋನೇ ನಿನಗೆ ಓದಿ ಹೇಳುತ್ತಿತ್ತು. ಕೆಳಗೆ ಕೊಟ್ಟ ಆಧಾರ ಪುಸ್ತಕದಲ್ಲಿ ಹಾಗೆಯೇ ಇದೆಯೇ ಎಂದು ನೋಡಲು ಮಾತ್ರ ಕಣ್ಣು ಬೇಕಿತ್ತು. ಪ್ರತಿ ಭಾನುವಾರ ಆ ಕಣ್ಣಾಗಿ ನಾನು ಬರುತ್ತಿದ್ದೆ.

"ಲೇ, ಪುಸ್ತಕಾನ ಮೋಟ್ರು ಬಿಚ್ಚಿದಂಗೆ ಬಿಚ್ಬೇಡ ಕಣೋ, ಹೊಲಿಗೆ ಕಿತ್ಕಂಡು ಬತ್ತದೆ" ಎಂದು ನೀನು ನಗುತ್ತಿದ್ದೆ.

ನೀನು ಹೇಳಿದ ಪುಟದಲ್ಲಿ ನಾನು ಹುಡುಕುತ್ತಿದ್ದದ್ದು ಅಂಕಿಯನ್ನು ಮಾತ್ರ. ಅಂಕಿ ಕಂಡರೆ "ಐತೆ ಕಣಕ್ಕ." ಅದರ ಹಿಂದೆ ಮುಂದೆ ಏನಿದೆಯೋ—ನನಗೇನು ಗೊತ್ತು!

ರೈನ್ ನದಿಯ ಹತ್ತಿರ ಸೀಸರ್ ಎರಡು ಬುಡಕಟ್ಟುಗಳನ್ನು ಕೊಂದ ಯುದ್ಧವೂ ಹಾಗೇ ಬಂತು. ಶತ್ರುಗಳು ನಾಲ್ಕು ಲಕ್ಷದ ಮೂವತ್ತು ಸಾವಿರ ಎಂದು ಲೇಖನದಲ್ಲಿತ್ತು. ಪುಟ ತೆಗೆದೆ, ಅಂಕಿ ಕಂಡಿತು. "ಐತೆ ಕಣಕ್ಕ." ಲೇಖನ ನಂಬಬಹುದು ಎಂದು ನೀನು ನಿನ್ನ ಹೆಸರು ಹಾಕಿ ಒಪ್ಪಿಗೆ ಕೊಟ್ಟೆ.

ಮುಂದಿನ ಭಾನುವಾರವೇ ತರೀಕೆರೆಯಿಂದ ನಿನ್ನ ಹಳೇ ಶಿಷ್ಯೆ ವನಜಾಕ್ಷಿ ಫೋನ್ ಮಾಡಿದಳು. ನಿನ್ನ ಜೊತೆ ಅದೇ ಕೆಲಸ ಮಾಡುತ್ತಿದ್ದವಳು. ನಾನು ಪಕ್ಕದಲ್ಲೇ ಕೂತಿದ್ದೆ.

"ಮೇಡಂ, ಅದು ಗೆದ್ದೋನೇ ಬರ್ಕೊಂಡಿರೋ ಲೆಕ್ಕ. ನಿಮ್ಮ ಪುಸ್ತಕದಲ್ಲೇ ಅದನ್ನ ನಂಬಕ್ಕಾಗಲ್ಲ ಅಂತ ಇದೆ. ಇನ್ನೊಂದ್ಸಲ ಓದಿಸಿ ನೋಡಿ."

"ನನ್ನ ತಮ್ಮನೇ ನೋಡಿದಾನೆ ಕಣಮ್ಮ. ನಮ್ಮನೇಲಿ ಸುಳ್ಳು ಓದೋರಿಲ್ಲ."

ಆಗಲಾದರೂ ಬಾಯಿ ಬಿಡಬೇಕಿತ್ತು. ಬಿಟ್ಟೆ—ಹೇಗೆ ಬಿಟ್ಟೆ! "ಓದಿದೋರ ಜಂಬ ಅಕ್ಕ ಅದು, ತಾವು ಹೇಳಿದ್ದೇ ಆಗ್ಬೇಕು" ಎಂದೆ, ಅವಳಿಗೂ ಕೇಳುವ ಹಾಗೆ. ಡಿಗ್ರಿ ಮಾಡಿದವಳ ಬಾಯಿ ಮುಚ್ಚಿಸಿದೆನಲ್ಲ ಎಂದು ಒಳಗೇ ಖುಷಿಪಟ್ಟೆ. ಬರೆಯುವಾಗ ಹೇಸಿಗೆಯಾಗುತ್ತಿದೆ. ಅವಳು ಅಂದಿನಿಂದ ಆ ಕೆಲಸ ಬಿಟ್ಟಳು. ನಿನಗೆ ಫೋನ್ ಮಾಡುವುದನ್ನೂ ಬಿಟ್ಟಳು.

ನನಗೆ ತಿಳಿಯಲಿಲ್ಲ ಎಂದುಕೊಳ್ಳಬೇಡ. ಎರಡೇ ವಾರಕ್ಕೆ ತಿಳಿಯಿತು. ಫೋಟೊ ಹಿಡಿದರೆ ಫೋನು ಇಂಗ್ಲಿಷನ್ನು ಕನ್ನಡ ಮಾಡುತ್ತದೆ ಎಂದು ಗಿರಾಕಿಯೊಬ್ಬ ತೋರಿಸಿದ. ನಿನ್ನ ಮನೆಯಲ್ಲೇ, ನೀನು ಒಳಗೆ ರೊಟ್ಟಿ ಸುಡುತ್ತಿದ್ದಾಗ, ಆ ಪುಟಕ್ಕೆ ಹಿಡಿದೆ. ಸೀಸರ್ ಕೊಟ್ಟ ಸಂಖ್ಯೆಯನ್ನು ನಂಬುವಂತಿಲ್ಲ, ತನ್ನ ಗೆಲುವು ದೊಡ್ಡದಾಗಿ ಕಾಣಲೆಂದು ಹೆಚ್ಚಿಸಿದ್ದು—ಅಂಕಿಯ ಮುಂದಿನ ಸಾಲಿನಲ್ಲೇ ಇತ್ತು. ವನಜಾಕ್ಷಿ ಹೇಳಿದ್ದೇ ಸರಿ. ಪುಸ್ತಕ ಮುಚ್ಚಿದೆ. ನೀನು ತಡವಿಕೊಂಡು ಬಂದು ಹುಚ್ಚೆಳ್ಳು ಚಟ್ನಿ ಹಾಕಿ ತಟ್ಟೆ ಕೊಟ್ಟೆ. ತಿಂದೆ. ಇನ್ನೊಂದು ರೊಟ್ಟಿ ಕೇಳಿಯೂ ತಿಂದೆ. ಥೂ.

ಆಮೇಲಿನ ಪುಟಗಳಿಗಾದರೂ ಫೋನು ಹಿಡಿಯಬಹುದಿತ್ತು. ಹಿಡಿಯಲಿಲ್ಲ. "ಐತೆ ಕಣಕ್ಕ" ಅಷ್ಟು ಸಲೀಸಾಗಿಬಿಟ್ಟಿತ್ತು. ಹೀಗೆ ಮೂರು ವರ್ಷ. ಜನ ನಿನ್ನ ಹೆಸರು ನೋಡಿ ನಂಬಿದರು, ನೀನು ನನ್ನನ್ನು ನಂಬಿದೆ, ನಾನು—

"ಯಾಕೋ ವನಜ ಒಂದು ಫೋನೂ ಮಾಡಲ್ವಲ್ಲೋ" ಎಂದು ನೀನು ಹೋದ ವಾರವೂ ಕೇಳಿದೆ. ನನಗೇನು ಗೊತ್ತಕ್ಕ ಎಂದೆ.

ನಿನ್ನೆ ತರೀಕೆರೆಗೆ ಹೋಗಿ ಅವಳಿಗೆ ಎಲ್ಲ ಹೇಳಿದೆ. ಕ್ಷಮಿಸಿದಳು ಎಂದು ಬರೆಯಲಾರೆ, ಅವಳು ಹಾಗೆ ಹೇಳಲಿಲ್ಲ. ನಾನು "ಐತೆ" ಎಂದ ಲೇಖನಗಳನ್ನೆಲ್ಲ ತಾನೇ ನಿನ್ನೊಂದಿಗೆ ಕೂತು ಮೊದಲಿಂದ ನೋಡುತ್ತಾಳಂತೆ, ಅಷ್ಟೇ ಹೇಳಿದಳು.

ಈಗ ಇದನ್ನು ನಿನಗೆ ಓದುತ್ತಿರುವವಳು ಅವಳೇ. ನಾನೇ ಓದಿದ್ದರೆ ನಡುವೆ ಕೆಲವು ಸಾಲು ಹಾರಿಸಿಬಿಡುತ್ತಿದ್ದೆ.