ಕಸ ಮತ್ತು ಸಪ್ತಮಿ ವಿಭಕ್ತಿ

ನಾನು ಆಕೆಯನ್ನು ಮೊದಲು ಕಂಡದ್ದು ಜಗಳವಾಡಲು ಹೋದಾಗ. ಜಗಳ ನನ್ನದಲ್ಲ, ಇಡೀ ಕಟ್ಟಡದ್ದು. ನಮ್ಮ ಮೇಲಿನ ಮನೆಯ ಬಾಲ್ಕನಿಯಲ್ಲಿ ಕಸದ ಚೀಲಗಳು ಒಂದರ ಮೇಲೊಂದು ಏರುತ್ತಿದ್ದವು. ಕೆಳಗಿನವರಿಗೆ ನೊಣದ ಕಾಟ, ಎದುರಿನವರಿಗೆ ವಾಸನೆ, ವಾಚ್‌ಮನ್ನಿಗೆ ಎಲ್ಲರ ಬೈಗುಳ.

"ಮೇಷ್ಟ್ರೇ, ನೀವೇ ಹೋಗಿ ಹೇಳ್ಬೇಕು," ಎಂದು ಅವನು ಬಂದು ನಿಂತ. "ನಾನು ಹೋದ್ರೆ ಅರ್ಧ ಬಾಗಿಲು ತೆಗೆದು 'ನಾಳೆ' ಅಂತಾರೆ. ಅವರ ನಾಳೆ ಬರೋ ಹೊತ್ತಿಗೆ ನನ್ನ ಕೆಲಸಾನೇ ಹೋಗಿರುತ್ತೆ."

ನಾನು ಹಿಂದೆಮುಂದೆ ನೋಡುತ್ತಿದ್ದೆ. ನಮ್ಮಾಕೆ ಸುಮ್ಮನಿರಲಿಲ್ಲ. "ಜೀವಮಾನವೆಲ್ಲ ಮಕ್ಕಳನ್ನ ಹೆದರಿಸಿದ್ದೀರಿ, ಒಬ್ಬ ಹೆಂಗಸನ್ನ ಹೆದರಿಸೋಕಾಗಲ್ವಾ? ನಡೀರಿ," ಎಂದಳು.

ಬಾಗಿಲು ತೆಗೆದವರು ನರೆಗೂದಲಿನ, ಎತ್ತರದ ಹೆಂಗಸು. ಒಂದು ಕನ್ನಡಕ ತಲೆಯ ಮೇಲಿತ್ತು, ಇನ್ನೊಂದು ಕೊರಳಲ್ಲಿ ನೇತಾಡುತ್ತಿತ್ತು. ಎರಡೂ ತೋಳು ಮೊಣಕೈವರೆಗೆ ಒದ್ದೆ.

"ಕಸದ ವಿಷಯ ತಾನೇ? ಒಳಗೆ ಬಂದು ಬೈಯಿರಿ," ಎಂದರು. "ಬಾಗಿಲಲ್ಲಿ ನಿಂತು ಬೈದ್ರೆ ಇಡೀ ಮೆಟ್ಟಿಲಿಗೆ ಕೇಳ್ಸುತ್ತೆ."

ಒಳಗೆ ಕಿಟಕಿಯ ಬಳಿ ಆಕೆಯ ಗಂಡ ಕುರ್ಚಿಯಲ್ಲಿ ಕೂತಿದ್ದರು. ಪಾರ್ಶ್ವವಾಯು ಬಡಿದು ಬಲಗೈ ಬಲಗಾಲು ಬಿದ್ದುಹೋಗಿದ್ದವು, ನಾಲಿಗೆಯೂ ತಿರುಗುತ್ತಿರಲಿಲ್ಲ. ನನ್ನನ್ನು ಕಂಡೊಡನೆ ತುಟಿ ಕಷ್ಟದಿಂದ ಅಲುಗಿತು. "ಕಸ... ದ..."

"ಬಂದೆ ಸಾರ್," ಎಂದು ಆಕೆ ಪ್ಲಾಸ್ಟಿಕ್ ಬುಟ್ಟಿಯನ್ನು ಅವರ ಪಕ್ಕಕ್ಕೆ ಸರಿಸಿದರು. ಅವರು ಎಡಗೈಯಿಂದ ಅದಕ್ಕೆ ಒಂದೇಟು ಕೊಟ್ಟರು. ಬುಟ್ಟಿ ಉರುಳಿ ಹಣ್ಣಿನ ಸಿಪ್ಪೆ, ಔಷಧದ ಕಾಗದ ಎಲ್ಲ ನೆಲದ ಪಾಲಾಯಿತು.

"ನೋಡಿದ್ರಾ ಮೇಷ್ಟ್ರೇ?" ಆಕೆ ಮಂಡಿಯೂರಿ ಬಳಿಯುತ್ತ ಹೇಳಿದರು. "ದಿನಾ ಇದೇ. ಬುಟ್ಟಿ ಬೇಕು ಅಂತಾರೆ, ತಂದ್ರೆ ಸಿಟ್ಟು. ಹೊರಗೆ ಹಾಕೋಕೆ ಹೋದ್ರೆ ಅಳ್ತಾರೆ. ಅದಕ್ಕೇ ಬಾಲ್ಕನಿ."

ಜಗಳಕ್ಕೆ ಹೋದವನು ಚಹಾ ಕುಡಿದು ಬಂದೆ. ಹಸಿ ಕಸವನ್ನು ಅವರ ಕಣ್ಣುತಪ್ಪಿಸಿ ನಮ್ಮ ಮನೆಗೆ ಇಳಿಸುವುದು, ಒಣ ಕಸ ಬಾಲ್ಕನಿಯಲ್ಲೇ ಇರುವುದು ಎಂದು ರಾಜಿಯಾಯಿತು. ನಮ್ಮಾಕೆ ಹಣೆ ಚಚ್ಚಿಕೊಂಡಳು. "ಬೈದು ಬನ್ನಿ ಅಂದ್ರೆ ಅವರ ಕಸ ಹೊತ್ಕೊಂಡು ಬಂದ್ರಲ್ಲ!"

ಗಂಡನನ್ನು 'ಸಾರ್' ಎಂದು ಕರೆಯುವುದು ನನಗೆ ವಿಚಿತ್ರವಾಗಿ ಕಂಡಿತ್ತು. ಊರಾಚೆಯ ಸಂಶೋಧನಾ ಕೇಂದ್ರದಲ್ಲಿ ಆಕೆ ಕೆಲಸಕ್ಕೆ ಸೇರಿದಾಗ ಅವರು ಮೇಲಧಿಕಾರಿ. ಮದುವೆಯಾದ ಮೇಲೂ ಬಾಯಿಗೆ ಬೇರೆ ಮಾತು ಬರಲಿಲ್ಲ. ಉಪ್ಪು ಸಾಕೇ ಎಂದು ಕೇಳುವಾಗಲೂ 'ಸಾರ್', ಮುನಿಸಿಕೊಂಡಾಗಲೂ 'ಸಾರ್'.

ಅವರಿಬ್ಬರೂ ಬದುಕನ್ನು ಸವೆಸಿದ್ದು ಇನ್ನೂ ಹುಟ್ಟದ ಒಂದು ಯಂತ್ರಕ್ಕಾಗಿ. ಅದನ್ನು ಆಕೆ ನನಗೆ ತಿಳಿಸಿಕೊಟ್ಟ ಬಗೆ ನನ್ನ ಸಹೋದ್ಯೋಗಿಗಳಾಗಿದ್ದ ಎಷ್ಟೋ ವಿಜ್ಞಾನದ ಮೇಷ್ಟರಿಗೂ ಬರುತ್ತಿರಲಿಲ್ಲ.

"ಎಲೆಕ್ಟ್ರಾನ್ ಹೆಸರು ಕೇಳಿದ್ದೀರಲ್ಲ? ಅದಕ್ಕೊಬ್ಬ ದಪ್ಪ ಅಣ್ಣ ಇದ್ದಾನೆ, ಮ್ಯೂಯಾನ್ ಅಂತ. ತಮ್ಮನಿಗಿಂತ ಇನ್ನೂರು ಪಟ್ಟು ತೂಕ. ಆದ್ರೆ ಆಯುಸ್ಸಿಲ್ಲ. ಕಣ್ಣು ಮಿಟುಕಿಸೋದರೊಳಗೆ ಎಷ್ಟೋ ಸಾವಿರ ಸಲ ಹುಟ್ಟಿ ಸಾಯಬಹುದು."

"ಅಯ್ಯೋ ಪಾಪ."

"ಪಾಪ ಏನಲ್ಲ. ಬೆಳಕಿನ ಹತ್ತಿರ ಹತ್ತಿರದ ವೇಗದಲ್ಲಿ ಓಡಿಸಿದ್ರೆ ಆಯುಸ್ಸು ಹಿಗ್ಗುತ್ತೆ. ಆ ಅವಕಾಶದಲ್ಲೇ ಎರಡು ಕಡೆಯಿಂದ ತಂದು ಡಿಕ್ಕಿ ಹೊಡೆಸ್ಬೇಕು. ಆ ಡಿಕ್ಕೀಲಿ ಇದುವರೆಗೂ ಯಾರೂ ನೋಡದ ಕಣ ಏನಾದ್ರೂ ಹುಟ್ಟುತ್ತಾ ಅಂತ ಹುಡುಕ್ಬೇಕು. ಅಷ್ಟೇ ನಮ್ಮ ಕಥೆ."

"ಯಂತ್ರ ಎಲ್ಲಿದೆ?"

"ಎಲ್ಲೂ ಇಲ್ಲ! ಕಂಪ್ಯೂಟರಲ್ಲಿದೆ, ಒಂದೆರಡು ಬಿಡಿಭಾಗ ಶೆಡ್ಡಿನಲ್ಲಿದೆ. ಕಟ್ಟೋ ಹೊತ್ತಿಗೆ ನಾವಿರಲ್ಲ. ನಕ್ಷೆ ನಮ್ಮದು, ವಾಸ ಬೇರೆಯವರದ್ದು."

ಅವರ ಯಜಮಾನರ ಕೆಲಸ ಮ್ಯೂಯಾನುಗಳನ್ನು ಸಾಲಾಗಿ ನಿಲ್ಲಿಸುವುದು. ಶಾಲೆಯ ಗಂಟೆ ಹೊಡೆದಾಗ ಮಕ್ಕಳು ದಿಕ್ಕಾಪಾಲಾಗಿ ಓಡುವಂತೆ ಅವು ಹುಟ್ಟಿದೊಡನೆ ಚೆದುರುತ್ತವಂತೆ. ಅವುಗಳನ್ನು ತಣಿಸಿ, ಒತ್ತಾಗಿ, ಒಂದು ದಾರಿಗೆ ತರಬೇಕು, ಅದೂ ಅವು ಸಾಯುವುದರೊಳಗೆ. ಆಕೆಯ ಕೆಲಸ ಕಸ. ಓಡುತ್ತ ಓಡುತ್ತಲೇ ಸಾಯುವ ಮ್ಯೂಯಾನುಗಳಿಂದ ಎಲೆಕ್ಟ್ರಾನುಗಳು ಚಿಮ್ಮಿ, ಕೊಳವೆಯ ಗೋಡೆಗೆ ಬಡಿದು, ಮತ್ತಷ್ಟು ಚೂರುಗಳನ್ನು ಎಬ್ಬಿಸಿ, ಡಿಕ್ಕಿಯನ್ನು ನೋಡುವ ಉಪಕರಣದ ಮೇಲೆ ಮಳೆಯಂತೆ ಸುರಿಯುತ್ತವೆ. ಅದನ್ನು ತಡೆಯಲು ಬಲ್ಬಿನ ತಂತಿಗೆ ಬಳಸುವ ಟಂಗ್‌ಸ್ಟನ್ ಲೋಹದ ದಪ್ಪ ಆಲಿಕೆಗಳನ್ನು ಆಕೆ ರೂಪಿಸಿದ್ದರು. ಅಷ್ಟಕ್ಕೂ ನಿಲ್ಲದ್ದಕ್ಕೆ ಇನ್ನೊಂದು ಉಪಾಯ ಮಾಡಿದ್ದರು. ಡಿಕ್ಕಿಯಿಂದ ನೇರವಾಗಿ ಬಂದದ್ದು ಸರಿಯಾದ ಕ್ಷಣಕ್ಕೆ ಬರುತ್ತದೆ, ಅಲೆದಾಡಿ ಬಂದದ್ದು ತಡವಾಗುತ್ತದೆ. ಆದ್ದರಿಂದ ಆ ಕ್ಷಣ ಕಳೆದೊಡನೆ ಬಾಗಿಲು ಮುಚ್ಚಬೇಕು, ಎಂದರೆ ಉಪಕರಣ ದಾಖಲಿಸುವುದನ್ನು ನಿಲ್ಲಿಸಬೇಕು. ತಡವಾಗಿ ಬಂದದ್ದೆಲ್ಲ ಕಸ. ಕೇಂದ್ರದಲ್ಲಿ ಆಕೆಗೆ 'ಕಸದಕ್ಕ' ಎಂದೇ ಹೆಸರು. ಮನೆಯಲ್ಲಿ ಗಂಡನೂ "ನಿನ್ನ ಕಸ ಎಲ್ಲಿಗೆ ಬಂತು?" ಎಂದೇ ಕೇಳುತ್ತಿದ್ದರಂತೆ.

ಹಾಗಿದ್ದೂ ಗಂಡನ 'ಕಸದ' ಎಂಬ ಮಾತು ಆಕೆಯ ಮನಸ್ಸಿನಲ್ಲಿ ಬುಟ್ಟಿಗೆ ಅಂಟಿಕೊಂಡಿತು. ಆಸ್ಪತ್ರೆಯಲ್ಲಿ ವಾಂತಿ ಬಂದಾಗಲೆಲ್ಲ ಅವರು ಬುಟ್ಟಿಯ ಕಡೆಗೆ ಕೈ ತೋರಿಸುತ್ತಿದ್ದುದೇ ಅದಕ್ಕೆ ಕಾರಣ. ಜೊತೆಗೆ ಡಾಕ್ಟರು ಕೆಲಸದ ಮಾತು ಎತ್ತಲೇಬಾರದೆಂದಿದ್ದರು. ಇನ್ನೊಮ್ಮೆ ಬಡಿದರೆ ಉಳಿಯುವುದಿಲ್ಲವೆಂದೂ ಹೇಳಿದ್ದರು.

"ಅವರು ಏನೋ ಹೇಳ್ಬೇಕು ಅಂತಿದ್ದಾರೆ ಮೇಷ್ಟ್ರೇ," ಎಂದು ಆಕೆ ಒಂದು ದಿನ ಮೆಟ್ಟಿಲಲ್ಲಿ ನಿಲ್ಲಿಸಿ ಹೇಳಿದರು. "ಅದು ಬುಟ್ಟಿಯ ವಿಷಯ ಮಾತ್ರ ಅಲ್ಲ ಅಂತ ನನಗನ್ಸುತ್ತೆ. ಹೋಗೋದರೊಳಗೆ ಅದೊಂದು ಕೇಳಿಸ್ಕೊಂಡ್ರೆ ಸಾಕು ನನಗೆ. ಬೇರೇನೂ ಬೇಡ."

ಆಮೇಲೆ ಆಕೆ ಕೇಂದ್ರಕ್ಕೆ ಹೋಗಬೇಕಾದ ಮಧ್ಯಾಹ್ನಗಳಲ್ಲಿ ನಾನು ಅವರ ಜೊತೆ ಕೂತು ಪತ್ರಿಕೆ ಓದಿ ಹೇಳತೊಡಗಿದೆ. ಮಾತಿಲ್ಲದಿದ್ದರೂ ಒಳ್ಳೆಯ ಸಂಗಾತಿ. ಮಂತ್ರಿಗಳ ಭಾಷಣ ಓದಿದರೆ ಗೊರಕೆ ಹೊಡೆದಂತೆ ನಟಿಸುವರು. ನಾನು ಹಾಳೆ ತಿರುಗಿಸಿದೊಡನೆ ಕಣ್ಣು ತೆರೆಯುವರು.

ಒಂದು ಮಧ್ಯಾಹ್ನ ಮತ್ತೆ ಶುರುವಾಯಿತು. "ಕಸ... ದ..." ನಾನು ಬುಟ್ಟಿಯನ್ನು ಮುಟ್ಟಲಿಲ್ಲ. ತರಗತಿಯಲ್ಲಿ ತಡವರಿಸುವ ಮಕ್ಕಳಿರುತ್ತಿದ್ದರು. ಮುಖ ನೋಡಿದರೆ ಅವರ ಮಾತು ಇನ್ನಷ್ಟು ಹೂತುಹೋಗುತ್ತಿತ್ತು. ಆದ್ದರಿಂದ ಕಿಟಕಿಯಾಚೆ ನೋಡುವುದು ನನ್ನ ರೂಢಿ. ಎದುರು ಮನೆಯ ಹುಡುಗಿ ಹಾಸಿಗೆಯ ಬಟ್ಟೆಗಳನ್ನು ಮಡಿಸುತ್ತಿದ್ದಳು. ಇಡೀ ರಾಶಿ ಮಡಿಸಿ ಒಳಗೆ ಒಯ್ದಳು. ಆಗ ಬಂತು.

"...ಲ್ಲಿ."

ನಾನು ತಿರುಗಿ ನೋಡಲಿಲ್ಲ. ಇನ್ನೂ ಕಾದೆ. ಬಹಳ ಹೊತ್ತಿನ ಮೇಲೆ, "ಹುಡು... ಕು."

ಆಕೆ ಬಂದು ಚಪ್ಪಲಿ ಕಳಚುವ ಮೊದಲೇ ಹೇಳಿದೆ. "ತಾಯೀ, ಅದು ಷಷ್ಠಿ ಅಲ್ಲ, ಸಪ್ತಮಿ!"

"ಏನು ಷಷ್ಠಿ? ಯಾವ ಸಪ್ತಮಿ?"

"ವಿಭಕ್ತಿ! 'ಕಸದ' ಅಂತ ಅಲ್ಲ ಅವರು ಹೇಳ್ತಿರೋದು. 'ಕಸದಲ್ಲಿ'. ಕಸದಲ್ಲಿ ಹುಡುಕು ಅಂತಿದ್ದಾರೆ."

ಆಕೆ ಬಾಯಿಯ ಮೇಲೆ ಕೈಯಿಟ್ಟು ನಿಂತರು. ಹೋಗಿ ಕುರ್ಚಿಯ ಮುಂದೆ ಕೂತು, "ಹೌದಾ ಸಾರ್? ಕಸದಲ್ಲಿ ಹುಡುಕ್ಬೇಕಾ?" ಎಂದರು. ಅವರು ಹೌದೆಂದು ತಲೆಯಾಡಿಸಿದರು. ಒಂದೇ ಕಣ್ಣಿನಿಂದ ನೀರು ಇಳಿಯಿತು. "ಏನು ಕಳ್ದೋಗಿದೆ ಸಾರ್? ಉಂಗುರನಾ? ಬೀಗದ ಕೈಯಾ?" ಎಂದು ಕೇಳುತ್ತಲೇ ಉತ್ತರಕ್ಕೆ ನಿಲ್ಲದೆ ಬಾಲ್ಕನಿಗೆ ಓಡಿದರು.

ಅಂದು ನಾವು ಮೂವರು, ಆಕೆ, ನಾನು, ನಮ್ಮಾಕೆ, ನಡುಮನೆಯಲ್ಲಿ ಹಳೆಯ ಪತ್ರಿಕೆ ಹಾಸಿ ಆ ಚೀಲಗಳನ್ನೆಲ್ಲ ಸುರಿದೆವು. ಒಂದು ಚಮಚ ಸಿಕ್ಕಿತು, ಅಂಗಿಯ ಗುಂಡಿ ಸಿಕ್ಕಿತು, ಕಳೆದುಹೋಗಿದೆಯೆಂದು ಆಕೆ ಅತ್ತಿದ್ದ ಕಿವಿಯೋಲೆ ಸಿಕ್ಕಿತು. ಆಕೆ ಒಂದೊಂದನ್ನೂ ಎತ್ತಿ ಹಿಡಿದು "ಇದಾ ಸಾರ್?" ಎಂದು ಕೇಳುವರು, ಅವರು ಅಲ್ಲವೆಂದು ತಲೆಯಾಡಿಸುವರು. ಕೊನೆಗೆ ಆಕೆ ಒಣಗಿದ ನಿಂಬೆಹಣ್ಣಿನ ಹೋಳೊಂದನ್ನು ಎತ್ತಿ "ಇದಾ?" ಎಂದಾಗ ಅವರಿಗೆ ನಗು ತಡೆಯಲಿಲ್ಲ. ಅರ್ಧ ಬಾಯಿಯ, ಕೆಮ್ಮಿನಂಥ ನಗು. ಆಕೆಯೂ ನಿಂಬೆ ಹಿಡಿದುಕೊಂಡೇ ನಕ್ಕರು.

"ನಗೋದಾದ್ರೆ ಮೊದಲ ಚೀಲಕ್ಕೇ ನಗಬಾರದಿತ್ತಾ ಅಣ್ಣಾ?" ನಮ್ಮಾಕೆ ನಡು ಹಿಡಿದುಕೊಂಡು ಎದ್ದಳು. "ನನ್ನ ಸೊಂಟ ಉಳೀತಿತ್ತು."

ನಗು ನಿಂತ ಮೇಲೆ ಅವರು ಎಡಗೈ ಚಾಚಿ ಹೆಂಡತಿಯ ತೋಳು ಹಿಡಿದರು. "ನಿನ್..." ಎಂದರು.

"ನಿನ್ನೆದಾ? ನಿನ್ನೆಯ ಕಸ ಇಲ್ಲೇ ಇದೆ ಸಾರ್, ಎಲ್ಲೂ ಹಾಕಿಲ್ಲ. ನೋಡಿ, ಇದೇ ಚೀಲ."

ಅವರು ಆ ಚೀಲ ನೋಡಿದರು, ಹೆಂಡತಿಯ ಮುಖ ನೋಡಿದರು, ಆಮೇಲೆ ಕಣ್ಣು ಮುಚ್ಚಿದರು. ಬಳಲಿದ್ದಾರೆಂದು ನಾವು ಎದ್ದು ಬಂದೆವು.

ಅದೇ ವಾರ ಎರಡನೆಯ ಸಲ ಬಡಿಯಿತು. ಬೆಳಗ್ಗೆ ಮುಖ ಒರೆಸುತ್ತಿದ್ದಾಗ, ಆಕೆಯ ಕೈಯಲ್ಲೇ ಹೋದರು. ಚೀಲಗಳನ್ನು ಸುರಿದ ಆ ದಿನದ ಮೇಲೆ ಒಂದಕ್ಷರ ಆಡಿರಲಿಲ್ಲ. ಅಂತ್ಯಕ್ರಿಯೆ ಮುಗಿಸಿ ಬಂದು ಆಕೆ ಬಾಲ್ಕನಿಯ ಚೀಲಗಳನ್ನು ಯಾರಿಗೂ ಮುಟ್ಟಗೊಡದೆ ತಾವೇ ಕೆಳಗಿಳಿಸಿದರು. ವಾಚ್‌ಮನ್ ಓಡಿಬಂದು, "ಇರ್ಲಿ ಬಿಡಿ ಅಮ್ಮಾ, ನನಗೇನೂ ತೊಂದ್ರೆಯಿಲ್ಲ," ಎಂದು ಅಂಗಲಾಚಿದ. ಕೇಳಲಿಲ್ಲ.

ಕೆಲವು ತಿಂಗಳು ಕಳೆದವು. ಆಕೆ ಮತ್ತೆ ಕೆಲಸಕ್ಕೆ ಹೋಗುತ್ತಿದ್ದರು. ಒಂದು ಸಂಜೆ ಕೈಚೀಲವನ್ನೂ ಇಳಿಸದೆ ನೇರವಾಗಿ ನಮ್ಮ ಮನೆಗೆ ಬಂದು ಕೂತರು.

"ಮೇಷ್ಟ್ರೇ, 'ನಿನ್ನೆ' ಅಲ್ಲ. 'ನಿನ್ನ'."

ನನಗೆ ಥಟ್ಟನೆ ಹೊಳೆಯಲಿಲ್ಲ.

"ಅವತ್ತು ನನ್ನ ತೋಳು ಹಿಡ್ಕೊಂಡು 'ನಿನ್' ಅಂದ್ರಲ್ಲ. ನಿನ್ನ ಕಸ. ನಿನ್ನ ಕಸದಲ್ಲಿ ಹುಡುಕು."

ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು. ಹುಡುಕುತ್ತಿರುವ ಹೊಸ ಕಣ ಬಹಳ ಭಾರವಾದದ್ದಾದರೆ ಅದು ಬೆಳಕಿನ ವೇಗದಲ್ಲಿ ಬಾರದು, ನಿಧಾನವಾಗಿ ಬರುತ್ತದೆ. ಅದು ಬರುವ ಹೊತ್ತಿಗೆ ಆಕೆ ಇಟ್ಟ ಬಾಗಿಲು ಮುಚ್ಚಿರುತ್ತದೆ. ಯಾವುದಕ್ಕಾಗಿ ಇಷ್ಟೆಲ್ಲ ಕಟ್ಟುತ್ತಾರೋ ಅದೇ ಕಸದ ಜೊತೆ ಹೊರಗೆ ಹೋಗಬಹುದು. ಇದು ಆ ಕಸುಬಿನವರಿಗೆ ಗೊತ್ತಿಲ್ಲದ್ದೇನಲ್ಲ. ಇವರ ಗುಂಪು ಮಾತ್ರ ಅದನ್ನು ಮುಂದಕ್ಕೆ ಹಾಕುತ್ತ ಬಂದಿತ್ತು.

"ಆಸ್ಪತ್ರೆ ಸೇರೋಕೆ ಸ್ವಲ್ಪ ಮೊದಲು ಊಟ ಮಾಡ್ತಾ ಈ ಮಾತು ಎತ್ತಿದ್ರು. 'ಆಮೇಲೆ ನೋಡೋಣ ಸಾರ್, ಅನ್ನ ಆರುತ್ತೆ' ಅಂದೆ. ಅದನ್ನೇ ಮತ್ತೆ ಮತ್ತೆ ಹೇಳ್ತಿದ್ರು ಅಂತ ಕಾಣುತ್ತೆ. ಅಥವಾ ಅಲ್ಲವೇನೋ. ನಿಜವಾಗ್ಲೂ ಉಂಗುರ ಕಳೆದಿತ್ತೇನೋ. ಈಗ ಯಾರನ್ನ ಕೇಳ್ಲಿ? ನೀವು ಹೇಳಿ ಮೇಷ್ಟ್ರೇ, ಅದೇ ಅಲ್ವಾ?"

ಹೌದು ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂತು. ಆದರೆ ಕಾಣದ್ದನ್ನು ಕಂಡೆನೆಂದು ಹೇಳುವುದು ಆಕೆಯ ಕಸುಬಿಗೆ ಮಾಡುವ ಅವಮಾನವೆನಿಸಿತು.

"ವ್ಯಾಕರಣ ಒಪ್ಪುತ್ತೆ ತಾಯಿ," ಎಂದೆ. "ಅಷ್ಟು ಮಾತ್ರ ಹೇಳಬಲ್ಲೆ."

ಆಕೆ ತಲೆಯಾಡಿಸಿದರು. ಅತ್ತದ್ದು ಅದಾದ ಮೇಲೆ. "ಪ್ರತಿಸಲ ಅವರ ಮಾತನ್ನ ನಾನೇ ಮುಗಿಸಿದೆ," ಎಂದು ಒಂದೇ ಮಾತನ್ನು ಹೇಳಿಕೊಂಡು ಅತ್ತರು. ನಮ್ಮಾಕೆ ಪಕ್ಕದಲ್ಲಿ ಕೂತು ಆಕೆಯ ಬೆನ್ನು ಸವರುತ್ತಿದ್ದಳು.

ಈಗ ಆಕೆಗೆ ನಿವೃತ್ತಿಯಾಗಿದೆ. ಕೇಂದ್ರದವರು ದೊಡ್ಡ ಮನಸ್ಸು ಮಾಡಿ ಪ್ರಿಂಟರುಗಳ ಕೋಣೆಯ ಮೂಲೆಯಲ್ಲೊಂದು ಮೇಜು ಕೊಟ್ಟಿದ್ದಾರೆ. ಮನೆಯಿಂದಲೂ ಕೆಲಸ ಮಾಡುತ್ತಾರೆ. ಎಲ್ಲೂ ಇಲ್ಲದ ಭಾರದ ಕಣಗಳನ್ನು ಕಂಪ್ಯೂಟರಿನಲ್ಲಿ ಹುಟ್ಟಿಸಿ, ತಮ್ಮದೇ ಕಸದಲ್ಲಿ ಕಲಸಿ, ಮತ್ತೆ ಹೆಕ್ಕಿ ತೆಗೆಯಲಾದೀತೇ ಎಂದು ನೋಡುತ್ತಿದ್ದಾರೆ. ಗುಂಪಿನ ಈಗಿನ ಮುಖ್ಯಸ್ಥರಿಗೆ ಇದು ಅಷ್ಟಾಗಿ ಹಿಡಿಸಿಲ್ಲ. "ಅಕ್ಕಾ, ಬಾಗಿಲು ಅಷ್ಟು ಹೊತ್ತು ತೆಗೆದಿಟ್ರೆ ಬರೋ ಕಸಾನ ಎಲ್ಲಿ ತುಂಬಿಸ್ಲಿ? ನಿಮ್ಮ ಬಾಲ್ಕನೀಲಾ?" ಎಂದು ಸಭೆಯಲ್ಲೇ ಕೇಳಿದರಂತೆ. ಅವರಿಗೆ ಹಳೆಯ ಸಂಗತಿ ಗೊತ್ತಿಲ್ಲ, ಬರಿಯ ಹಾಸ್ಯಕ್ಕೆ ಅಂದದ್ದು. ಆಕೆ ಅದನ್ನು ನನಗೆ ಹೇಳುವಾಗ ನಗಲು ನೋಡಿದರು, ಆಗಲಿಲ್ಲ. ಆದರೂ ಅವರ ಪ್ರಶ್ನೆ ಸರಿಯಾದದ್ದೇ ಎಂದರು. ಇದುವರೆಗೆ ಹೆಕ್ಕಿದ್ದರಲ್ಲಿ ಬಹುಪಾಲು ಕಸವೇ. ಯಂತ್ರವನ್ನು ಕಟ್ಟುತ್ತಾರೋ ಇಲ್ಲವೋ ಅದೂ ತೀರ್ಮಾನವಾಗಿಲ್ಲ.

ಮೊನ್ನೆ ಹೋಗಿದ್ದೆ. ಕಿಟಕಿಯ ಬಳಿ, ಕುರ್ಚಿ ಇದ್ದ ಜಾಗದಲ್ಲಿ ಈಗ ಕಂಪ್ಯೂಟರಿನ ಮೇಜಿದೆ. ಒಂದು ಲೆಕ್ಕ ಓಡುತ್ತಿತ್ತು. ಪರದೆಯ ಮೇಲೆ ಗೆರೆಯೊಂದು ಇರುವೆಯಂತೆ ಸರಿಯುತ್ತಿತ್ತು. ಬೆಳಗಿನಿಂದ ಹೀಗೇ ಎಂದರು. ಬೇರೆ ಕೆಲಸ ಮಾಡಿಕೊಳ್ಳಬಹುದಲ್ಲ ಎಂದೆ. ಬೇಡವೆಂದು ತಲೆಯಾಡಿಸಿ, ಕೈಗಳೆರಡನ್ನೂ ಮಡಿಲಲ್ಲಿಟ್ಟುಕೊಂಡು ನೋಡುತ್ತ ಕೂತರು.

"ಏನಾದ್ರೂ ಸಿಕ್ತಾ ತಾಯಿ?"

"ಇನ್ನೂ ಬರ್ತಾ ಇದೆ ಮೇಷ್ಟ್ರೇ. ಕೂತ್ಕೊಳ್ಳಿ."